ಬಂಗುಡೆ ತಿಂದ ಮೇಲೆ ಮೈಯೆಲ್ಲ ಕೆಂಪಾಯಿತೇ? ಅದು ಅಲರ್ಜಿಯೇ ಆಗಿರಬೇಕಿಲ್ಲ. ಹಿಸ್ಟಮಿನ್, ಕರುಳು ಮತ್ತು ಮಾತ್ರೆಗಳ ನಂಟು ತಿಳಿಯಿರಿ

ಮುಂಬೈ: ಮುಲುಂಡ್‌ ಮಾರುಕಟ್ಟೆಯಲ್ಲಿ ಬಾಂಗ್ಡಾ, ತಾರ್ಲಿ ಎಂದು ಕೂಗಿ ಮಾರುವ ಮೀನು ಕರಾವಳಿಯಿಂದ ಬಂದು ನೆಲೆಸಿದ ಮನೆಗಳಲ್ಲಿ ಬಂಗುಡೆ, ಬೂತಾಯಿಯಾಗಿ ಸಾರಿಗೆ ಬೀಳುತ್ತದೆ. ಊಟವಾದ ಅರ್ಧ ಗಂಟೆಯಲ್ಲೇ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿದು, ಹೊಟ್ಟೆ ನುಲಿದರೆ ಮನೆಯವರು ‘ಮೀನಿನ ಅಲರ್ಜಿ’ ಎಂದು ಸೆಟ್ರಿಜಿನ್ ಕೊಡುತ್ತಾರೆ. ಹೊಟ್ಟೆ ಉರಿದರೆ ‘ಗ್ಯಾಸ್’ ಮಾತ್ರೆ. ಆದರೆ ಈ ಎರಡೂ ತೊಂದರೆಗಳಲ್ಲಿ ಒಂದೇ ರಾಸಾಯನಿಕದ ಪಾತ್ರ ಇರಬಹುದು. ಅದರ ಹೆಸರು ಹಿಸ್ಟಮಿನ್.

ಹಿಸ್ಟಮಿನ್ ಎಂದರೇನು?

ಇದು ನಮ್ಮ ದೇಹವೇ ತಯಾರಿಸುವ ವಸ್ತು. ಪ್ರೋಟೀನ್‌ನಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಿಂದ ಹುಟ್ಟುತ್ತದೆ. ದೇಹದ ಮೇಲೆ ಇದರ ಪರಿಣಾಮವನ್ನು ಬ್ರಿಟನ್‌ನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್‌ಲಾ 1910ರಲ್ಲಿ ವಿವರಿಸಿದರು. ಚರ್ಮ, ಶ್ವಾಸನಾಳ ಮತ್ತು ಕರುಳಿನ ಗೋಡೆಯಲ್ಲಿರುವ ಮಾಸ್ಟ್ ಕೋಶಗಳಲ್ಲಿ ಹಿಸ್ಟಮಿನ್ ದಾಸ್ತಾನಿರುತ್ತದೆ. ಅಪಾಯದ ಸುಳಿವು ಸಿಕ್ಕಾಗ ಕೋಶಗಳು ಅದನ್ನು ಹೊರಬಿಡುತ್ತವೆ. ರಕ್ತನಾಳ ಹಿಗ್ಗುತ್ತದೆ, ತುರಿಕೆ ಬರುತ್ತದೆ, ಮೂಗು ಸೋರುತ್ತದೆ.

ಹಿಸ್ಟಮಿನ್ ಕೆಲಸ ಮಾಡಲು ಜೀವಕೋಶಗಳ ಮೇಲೆ ನಾಲ್ಕು ಬಗೆಯ ರಿಸೆಪ್ಟರ್‌ಗಳಿವೆ. ಎಚ್1 ತುರಿಕೆ, ಸೀನು, ದದ್ದಿಗೆ ಸಂಬಂಧಿಸಿದ್ದು. ಎಚ್2 ಜಠರದಲ್ಲಿ ಆಮ್ಲ ಸುರಿಯುವಂತೆ ಮಾಡುತ್ತದೆ. ಎಚ್3 ಮುಖ್ಯವಾಗಿ ಮಿದುಳಿನಲ್ಲಿ, ಎಚ್4 ರೋಗನಿರೋಧಕ ಕೋಶಗಳಲ್ಲಿ ಇರುತ್ತದೆ.

ಎರಡು ಮಾತ್ರೆ, ಒಂದೇ ಕುಟುಂಬ

ಶೀತದ ಮಾತ್ರೆ ಬೇರೆ, ಗ್ಯಾಸ್ ಮಾತ್ರೆ ಬೇರೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಸೆಟ್ರಿಜಿನ್, ಲೆವೋಸೆಟ್ರಿಜಿನ್, ಫೆಕ್ಸೋಫೆನಡಿನ್, ಹಳೆಯ ಕ್ಲೋರ್‌ಫೆನಿರಮಿನ್ ಎಚ್1 ತಡೆಯುವ ಆ್ಯಂಟಿಹಿಸ್ಟಮಿನ್‌ಗಳು. ಫಾಮೋಟಿಡಿನ್, ರಾನಿಟಿಡಿನ್ ಎಚ್2 ತಡೆಯುವಂಥವು. ಅಂದರೆ ಇವೂ ಆ್ಯಂಟಿಹಿಸ್ಟಮಿನ್‌ಗಳೇ. (ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಈ ಗುಂಪಿಗೆ ಸೇರುವುದಿಲ್ಲ, ಅವು ಆಮ್ಲದ ಪಂಪ್ ಅನ್ನೇ ನಿಲ್ಲಿಸುತ್ತವೆ.)

ಮೊದಲ ಆ್ಯಂಟಿಹಿಸ್ಟಮಿನ್‌ಗಳ ಸಂಶೋಧನೆಗಾಗಿ ಡೇನಿಯಲ್ ಬೋವೆಟ್‌ಗೆ 1957ರಲ್ಲಿ ನೊಬೆಲ್ ಬಂತು. ಎಚ್2 ತಡೆಯುವ ಸಿಮೆಟಿಡಿನ್ ರೂಪಿಸಿದ ಜೇಮ್ಸ್ ಬ್ಲ್ಯಾಕ್ 1988ರಲ್ಲಿ ನೊಬೆಲ್ ಹಂಚಿಕೊಂಡರು. ಆ ಔಷಧ 1976ರಲ್ಲಿ ಬ್ರಿಟನ್ ಮಾರುಕಟ್ಟೆಗೆ ಬರುವ ಮುನ್ನ ಹೊಟ್ಟೆ ಹುಣ್ಣಿಗೆ ಶಸ್ತ್ರಚಿಕಿತ್ಸೆಯೇ ಸಾಮಾನ್ಯ ದಾರಿಯಾಗಿತ್ತು.

ಭಾರತದಲ್ಲಿ ಮನೆಮಾತಾಗಿದ್ದ ರಾನಿಟಿಡಿನ್‌ನಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಶಂಕಿತ ಕಲ್ಮಶ ಪತ್ತೆಯಾಯಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಸೂಚಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದಲೂ ರಾನಿಟಿಡಿನ್ ಹೊರಬಿತ್ತು.

ಮೀನಿನಲ್ಲಿ ಹಿಸ್ಟಮಿನ್ ಎಲ್ಲಿಂದ ಬರುತ್ತದೆ?

ಬಂಗುಡೆ, ಬೂತಾಯಿ, ಟ್ಯೂನಾ ಮುಂತಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಹೇರಳ. ಮೀನು ಸತ್ತ ಮೇಲೆ ಐಸ್ ಸಾಲದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಇದನ್ನು ತಿಂದಾಗ ಆಗುವ ತೊಂದರೆಗೆ ಸ್ಕಾಂಬ್ರಾಯ್ಡ್ ವಿಷಬಾಧೆ ಎಂದು ಹೆಸರು.

ಮುಂಬೈನ ಹಳೆಯ ಮೀನು ಬಂದರು ಸಸೂನ್ ಡಾಕ್ ಇರುವುದು ನಗರದ ದಕ್ಷಿಣದ ತುದಿಯ ಕೊಲಾಬಾದಲ್ಲಿ. ಅಲ್ಲಿಂದ ಮುಲುಂಡ್‌ಗೆ ಸುಮಾರು 30 ಕಿ.ಮೀ. ದೋಣಿ, ಬಂದರು, ಟೆಂಪೊ, ಮಾರುಕಟ್ಟೆಯ ಬುಟ್ಟಿ, ಕೊನೆಗೆ ಮನೆಯ ಚೀಲ, ಹೀಗೆ ಪ್ರತಿ ಹಂತದಲ್ಲೂ ಐಸ್ ಬೇಕು. ಮುಂಬೈನ ಸೆಕೆಯಲ್ಲಿ ಕೆಲವು ಗಂಟೆಗಳ ಅಸಡ್ಡೆಯೇ ಸಾಕು.

ಇಲ್ಲಿ ನೆನಪಿಡಬೇಕಾದ ಮೂರು ಸಂಗತಿಗಳಿವೆ:

* ಒಮ್ಮೆ ಉಂಟಾದ ಹಿಸ್ಟಮಿನ್ ಕುದಿಸಿದರೂ, ಹುರಿದರೂ, ಫ್ರೀಜರ್‌ನಲ್ಲಿಟ್ಟರೂ ನಾಶವಾಗದು.
* ಮೀನು ಕಾಣಲು, ಮೂಸಲು ಸರಿಯಾಗಿಯೇ ಇರಬಹುದು. ಕೆಲವರಿಗೆ ನಾಲಿಗೆಯ ಮೇಲೆ ಮೆಣಸಿನಂತೆ ಚುರುಗುಟ್ಟುತ್ತದೆ.
* ಅಂತಾರಾಷ್ಟ್ರೀಯ ಆಹಾರ ಮಾನದಂಡ ಕೋಡೆಕ್ಸ್ ಪ್ರಕಾರ ಒಂದು ಕಿಲೋ ಮೀನಿನಲ್ಲಿ ಹಿಸ್ಟಮಿನ್ 200 ಮಿಲಿಗ್ರಾಂ ಮೀರಬಾರದು.

ಕರುಳಿನ ಒಳಪದರವೇ ಕಾವಲುಗಾರ

ಕರುಳಿನ ಒಳಪದರದ ದಪ್ಪ ಕೇವಲ ಒಂದು ಜೀವಕೋಶದಷ್ಟು. ಮೂರರಿಂದ ಐದು ದಿನಗಳಿಗೊಮ್ಮೆ ಅದರ ಕೋಶಗಳು ಹೊಸದಾಗುತ್ತವೆ. ಆಹಾರದ ಜತೆ ಬರುವ ಹಿಸ್ಟಮಿನ್ ಅನ್ನು ಒಡೆಯುವ ಡಿಎಒ (ಡೈಅಮೈನ್ ಆಕ್ಸಿಡೇಸ್) ಕಿಣ್ವ ಸಣ್ಣ ಕರುಳಿನ ಈ ಪದರದಲ್ಲೇ ಹೇರಳವಾಗಿದೆ. ಆರೋಗ್ಯವಂತರಲ್ಲಿ ಸ್ವಲ್ಪ ಹಿಸ್ಟಮಿನ್ ಬಂದರೆ ಇಲ್ಲೇ ಮುಗಿದುಹೋಗುತ್ತದೆ. ಪ್ರಮಾಣ ವಿಪರೀತವಾದಾಗ ಅಥವಾ ಸೀಲಿಯಾಕ್ ಕಾಯಿಲೆಯಂಥ ಕಾರಣದಿಂದ ಒಳಪದರ ಹಾಳಾದಾಗ ಕಾವಲು ಸಡಿಲವಾಗುತ್ತದೆ. ಮದ್ಯವೂ ಈ ಕಿಣ್ವದ ಕೆಲಸಕ್ಕೆ ಅಡ್ಡಿ.

ಕ್ಷಯರೋಗಕ್ಕೆ ಕೊಡುವ ಐಸೋನಿಯಜಿಡ್ ಔಷಧವೂ ಹಿಸ್ಟಮಿನ್ ಒಡೆಯುವ ಕಿಣ್ವವನ್ನು ತಡೆಯುತ್ತದೆ. ಟ್ಯೂನಾದಂಥ ಮೀನು ತಿಂದ ಕ್ಷಯರೋಗಿಗಳಲ್ಲಿ ಮುಖ ಕೆಂಪಾಗುವುದು, ತಲೆನೋವು, ಎದೆಬಡಿತ ಕಾಣಿಸಿದ್ದನ್ನು ಶ್ರೀಲಂಕಾದ ವೈದ್ಯ ಸಿ.ಜಿ. ಉರಗೋಡ 1970ರ ದಶಕದಲ್ಲೇ ದಾಖಲಿಸಿದ್ದಾರೆ. ಕ್ಷಯದ ಹೊರೆ ದೊಡ್ಡದಿರುವ ಮುಂಬೈಗೆ ಇದು ಮುಖ್ಯ ಮಾಹಿತಿ. ಹಾಗೆಂದು ಯಾರೂ ಮಾತ್ರೆ ನಿಲ್ಲಿಸಬಾರದು. ಇಂಥ ಮೀನಿನ ಬಗ್ಗೆ ಚಿಕಿತ್ಸೆ ನೀಡುವ ವೈದ್ಯರನ್ನು ಕೇಳಬೇಕು.

ಆ್ಯಂಟಿಹಿಸ್ಟಮಿನ್‌ನಿಂದ ಕರುಳು ಸರಿಹೋಗುತ್ತದೆಯೇ?

ಎಚ್2 ಮಾತ್ರೆಗಳು ಆಮ್ಲ ತಗ್ಗಿಸಿ ಜಠರದ ಹುಣ್ಣು ಮಾಯಲು ನೆರವಾಗುತ್ತವೆ. ಆದರೆ ಹುಣ್ಣಿನ ಹಿಂದೆ ಎಚ್. ಪೈಲೋರಿ ಸೋಂಕು ಅಥವಾ ನೋವಿನ ಮಾತ್ರೆಯ ಅತಿ ಬಳಕೆ ಇದ್ದರೆ, ಮೂಲ ಕಾರಣಕ್ಕೆ ಚಿಕಿತ್ಸೆ ಆಗದೆ ಹುಣ್ಣು ಮರಳಿ ಬರುತ್ತದೆ.

ಐಬಿಎಸ್ ಎಂಬ ಕರುಳಿನ ಕಿರಿಕಿರಿಯ ಬಗ್ಗೆ ಹೊಸ ಅಧ್ಯಯನಗಳು ನಡೆದಿವೆ. ಐಬಿಎಸ್ ಇರುವವರ ಕರುಳಿನ ಗೋಡೆಯಲ್ಲಿ ಕೆಲವು ಆಹಾರಗಳಿಗೆ ಸ್ಥಳೀಯವಾಗಿ ಅಲರ್ಜಿಯಂಥ ಪ್ರತಿಕ್ರಿಯೆ ನಡೆಯುತ್ತದೆ ಎಂದು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ತೋರಿಸಿತು. ಎಬಾಸ್ಟಿನ್ ಎಂಬ ಎಚ್1 ಮಾತ್ರೆಯನ್ನು 202 ಮಂದಿಯ ಮೇಲೆ 12 ವಾರ ಪರೀಕ್ಷಿಸಿದಾಗ, ಮಾತ್ರೆ ಪಡೆದವರಲ್ಲಿ ಶೇ. 12ರಷ್ಟು ಮಂದಿಗೆ ನಿಗದಿತ ಮಟ್ಟದ ಉಪಶಮನ ಸಿಕ್ಕಿತು. ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಇದು ಶೇ. 4. ಲಾಭ ಇದೆ, ಆದರೆ ಸಣ್ಣದು. ಎಲ್ಲರ ಹೊಟ್ಟೆನೋವಿಗೂ ಇದೇ ಮದ್ದು ಎನ್ನಲಾಗದು.

ತನಗೆ ‘ಹಿಸ್ಟಮಿನ್ ಆಗುವುದಿಲ್ಲ’ ಎಂದು ತೀರ್ಮಾನಿಸಿ ಇಡ್ಲಿ, ದೋಸೆ, ಮೊಸರು, ಉಪ್ಪಿನಕಾಯಿ ಎಲ್ಲ ಬಿಡುವವರಿದ್ದಾರೆ. ಇದನ್ನು ಖಚಿತಪಡಿಸುವ ಒಂದೇ ನಂಬಿಕಸ್ತ ರಕ್ತಪರೀಕ್ಷೆ ಇಲ್ಲ. ತಿಂದು ತೊಂದರೆಯಾಗದವರು ಏನನ್ನೂ ಬಿಡಬೇಕಿಲ್ಲ. ಅನುಮಾನವಿದ್ದರೆ ಆಹಾರ ತಜ್ಞರ ಮಾರ್ಗದರ್ಶನದಲ್ಲಿ ಕೆಲವು ವಾರ ಬಿಟ್ಟು, ಮತ್ತೆ ಒಂದೊಂದಾಗಿ ಸೇರಿಸಿ ನೋಡುವುದು ಕ್ರಮ.

ಅಲರ್ಜಿಯೋ, ಮೀನಿನ ದೋಷವೋ?

* ಒಂದೇ ಮೀನು ತಿಂದ ಹಲವರಿಗೆ ಹೀಗಾದರೆ ಮೀನಿನ ದೋಷದ ಸಾಧ್ಯತೆ ಹೆಚ್ಚು. ಸಾಮಾನ್ಯವಾಗಿ ಒಂದು ದಿನದೊಳಗೆ ಶಮನವಾಗುತ್ತದೆ.
* ಪ್ರತಿ ಬಾರಿ ತಾಜಾ ಮೀನು ತಿಂದರೂ ಒಬ್ಬರಿಗೇ ಹೀಗಾದರೆ ನಿಜವಾದ ಅಲರ್ಜಿ ಇರಬಹುದು, ಪರೀಕ್ಷೆ ಅಗತ್ಯ.
* ಉಸಿರಾಟ ಕಷ್ಟವಾದರೆ, ನಾಲಿಗೆ ಅಥವಾ ಗಂಟಲು ಊದಿದರೆ, ತಲೆಸುತ್ತಿ ಬಿದ್ದರೆ ಸೆಟ್ರಿಜಿನ್ ಕೊಟ್ಟು ಕಾಯಬೇಡಿ. ಆಗ ಜೀವ ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್. ಕೂಡಲೇ 108ಕ್ಕೆ ಕರೆ ಮಾಡಿ.

ಮನೆಯಲ್ಲಿ ಏನು ಮಾಡಬೇಕು?

* ಐಸ್ ಮೇಲಿಟ್ಟ ಮೀನನ್ನೇ ಕೊಳ್ಳಿ. ಮಾರುಕಟ್ಟೆಯ ಕೆಲಸದಲ್ಲಿ ಮೀನು ಕೊನೆಯ ಖರೀದಿಯಾಗಲಿ.
* ಮನೆಗೆ ತಂದೊಡನೆ ಹೊಟ್ಟೆ, ಕಿವಿರು ತೆಗೆದು ತೊಳೆದು 4 ಡಿಗ್ರಿಗಿಂತ ಕೆಳಗಿಡಿ. ಮಸಾಲೆ ಸವರಿದ ಮೀನನ್ನೂ ಫ್ರಿಜ್‌ನಲ್ಲೇ ಇಡಿ.
* ನಿನ್ನೆಯ ಮೀನು ಸಾರಿಗೆ ರುಚಿ ಹೆಚ್ಚು ಎನ್ನುವವರು, ಸಾರನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಡದೆ ಆರಿಸಿ ಫ್ರಿಜ್‌ಗೆ ಸೇರಿಸಿ.
* ಹಳೆಯ ಆ್ಯಂಟಿಹಿಸ್ಟಮಿನ್‌ಗಳು ನಿದ್ದೆ ತರುತ್ತವೆ. ಹಿರಿಯರಲ್ಲಿ ಮಲಬದ್ಧತೆ, ಮೂತ್ರ ಕಟ್ಟುವಿಕೆ, ಗೊಂದಲ ಉಂಟುಮಾಡಬಹುದು. ಇವನ್ನು ನುಂಗಿ ವಾಹನ ಓಡಿಸಬೇಡಿ.
* ಎರಡು ವಾರಕ್ಕಿಂತ ಹೆಚ್ಚು ಗ್ಯಾಸ್ ಮಾತ್ರೆ ಬೇಕಾಗುತ್ತಿದ್ದರೆ, ಕಪ್ಪು ಮಲ, ರಕ್ತವಾಂತಿ ಅಥವಾ ಕಾರಣವಿಲ್ಲದೆ ತೂಕ ಇಳಿಕೆ ಇದ್ದರೆ ವೈದ್ಯರನ್ನು ಕಾಣಿ.

(ಸೂಚನೆ: ಇದು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಔಷಧ ಆರಂಭಿಸುವ ಅಥವಾ ನಿಲ್ಲಿಸುವ ಮುನ್ನ ವೈದ್ಯರ ಸಲಹೆ ಪಡೆಯಿರಿ.)