ಹಬ್ಬದ ಮರುದಿನದ ಹ್ಯಾಮ್

ಅಮೆರಿಕದ ಮನೆಗಳಿಗೆ ಈಸ್ಟರ್‌ಗೋ ಕ್ರಿಸ್‌ಮಸ್‌ಗೋ ಬರುವ ಇಡೀ ಹ್ಯಾಮ್ ಎಂದರೆ ಹಂದಿಯ ಒಂದು ಹಿಂಗಾಲಿನ ತೊಡೆ. ಮೂಳೆ ಸಮೇತ 7-8 ಕಿಲೋ ತೂಗುತ್ತದೆ. ನೆಂಟರಿಷ್ಟರೆಲ್ಲ ಉಂಡು ಎದ್ದ ಮೇಲೂ ಅರ್ಧಕ್ಕರ್ಧ ಉಳಿದಿರುತ್ತದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಒಂದು ಹ್ಯಾಮ್ ಬಂದರೆ ಅದು ಕಲ್ಪಾಂತ್ಯದವರೆಗೂ ಮುಗಿಯುವುದಿಲ್ಲ ಎಂಬರ್ಥದ ಹಳೆಯ ತಮಾಷೆಯೇ ಅಲ್ಲಿದೆ. ಮರುದಿನ ಬೆಳಗ್ಗೆ ಮೊಟ್ಟೆಯ ಜೊತೆ ನಾಲ್ಕು ಹೋಳು, ಅದರ ಮರುದಿನ ಮೂಳೆ ಹಾಕಿ ಬೇಯಿಸಿದ ಬಟಾಣಿ ಬೇಳೆಯ ಸೂಪು. ಅಷ್ಟಾದರೂ ಮೂಳೆಗೆ ಅಂಟಿದ ಚೂರು, ಒಣಗಿದ ಅಂಚು, ನೀಟಾಗಿ ಕತ್ತರಿಸಲು ಬಾರದ ತುಂಡುಗಳು ತಟ್ಟೆಯಲ್ಲಿ ಉಳಿಯುತ್ತವೆ. ಇವನ್ನೆಲ್ಲ ಕೀಮಾ ಯಂತ್ರಕ್ಕೆ ಹಾಕಿ ತಿರುವಿ, ಸಾಸಿವೆ, ಮೇಯನೇಸ್, ಹುಳಿ ಹಾಕಿದ ಸೌತೆಕಾಯಿಯ ಚೂರು ಕಲಸಿದರೆ ಬ್ರೆಡ್ಡಿಗೆ ಹಚ್ಚುವ ಸ್ಪ್ರೆಡ್ ಆಯಿತು. ಕೆಲವು ಊರುಗಳಲ್ಲಿ ಇದಕ್ಕೆ ಹ್ಯಾಮ್ ಸಲಾಡ್ ಎನ್ನುತ್ತಾರೆ. ಖಾರ ಹೆಚ್ಚಿದ್ದರೆ ಡೆವಿಲ್ಡ್ ಹ್ಯಾಮ್.

ಐದು ನಿಮಿಷದ ಈ ಅಡುಗೆಯಲ್ಲಿ ಒಂದು ವಿಚಿತ್ರವಿದೆ. ಹ್ಯಾಮ್ ಎಂಬ ಪದಾರ್ಥವನ್ನು ಮನುಷ್ಯ ಕಂಡುಕೊಂಡದ್ದೇ ಮಾಂಸ ಕೆಡದಿರಲೆಂದು. ಉಪ್ಪು ಹಚ್ಚಿ, ಹೊಗೆಗೆ ತೂಗುಹಾಕಿ, ವರ್ಷಗಟ್ಟಲೆ ಇಡಲು. ಆ ಹ್ಯಾಮ್ ಇಂದು ಕೆಡುವ ಮೊದಲು ಮುಗಿಸಬೇಕಾದ ಪದಾರ್ಥವಾಗಿದೆ. ಫ್ರಿಜ್ಜಿನಲ್ಲಿಟ್ಟರೂ ಕತ್ತರಿಸಿದ ಹ್ಯಾಮನ್ನು 3ರಿಂದ 5 ದಿನದೊಳಗೆ ತಿಂದುಬಿಡಿ ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಇದು ಹೀಗೆ ಬುಡಮೇಲಾದದ್ದು ಹೇಗೆ ಎಂಬುದೇ ಈ ಸ್ಪ್ರೆಡ್ಡಿನ ಚರಿತ್ರೆ.

ಹಂದಿಯನ್ನು ಕಡಿಯುತ್ತಿದ್ದುದು ಚಳಿ ಬಿದ್ದ ಮೇಲೆ, ನವೆಂಬರ್-ಡಿಸೆಂಬರ್ ಹೊತ್ತಿಗೆ. ಬೇಸಿಗೆಯಲ್ಲಿ ಕಡಿದರೆ ಉಪ್ಪು ಮೂಳೆಯವರೆಗೆ ಇಳಿಯುವ ಮೊದಲೇ ಮಾಂಸ ಕೊಳೆಯುತ್ತಿತ್ತು. ರಕ್ತ, ಕರುಳು, ಯಕೃತ್ತುಗಳನ್ನು ಆಗಲೇ ತಿಂದು ಮುಗಿಸಬೇಕು. ತೊಡೆ ಮಾತ್ರ ದೊಡ್ಡದು, ಗಟ್ಟಿ, ಉಪ್ಪು ಹಿಡಿಸಿ ಇಡಲು ಹೇಳಿ ಮಾಡಿಸಿದಂಥದ್ದು. ಉಪ್ಪಿನ ಜೊತೆ ಚಿಟಿಕೆ ಪೆಟ್ಲುಪ್ಪು ಸೇರಿಸಿ ಉಜ್ಜುತ್ತಿದ್ದರು. ಮಾಂಸದ ಗುಲಾಬಿ ಬಣ್ಣ ಅದರಿಂದಲೇ. ಚಳಿಗಾಲವಿಡೀ ಉಪ್ಪು ಕುಡಿದ ಹ್ಯಾಮ್ ವಸಂತ ಬರುವಷ್ಟರಲ್ಲಿ ತಿನ್ನಲು ಹದವಾಗುತ್ತಿತ್ತು. ಹೊಸ ಮಾಂಸ ಸಿಗದ ಆ ಹೊತ್ತಿಗೆ ಸರಿಯಾಗಿ ಈಸ್ಟರ್ ಬೀಳುತ್ತಿತ್ತು. ಹಬ್ಬಕ್ಕೂ ಹ್ಯಾಮಿಗೂ ನಂಟು ಬೆಳೆದದ್ದು ಶಾಸ್ತ್ರದಿಂದಲ್ಲ, ಹವಾಮಾನದಿಂದ.

ವರ್ಜೀನಿಯಾ ಈ ವಿದ್ಯೆಯ ತವರು. ಅಲ್ಲಿನ ಮೇರಿ ರ‍್ಯಾಂಡಾಲ್ಫ್ 1824ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕ ಹಂದಿಮಾಂಸಕ್ಕೆ ಉಪ್ಪು ಹಿಡಿಸುವ ಕ್ರಮವನ್ನು ವಿವರವಾಗಿ ಹೇಳುತ್ತದೆ. ಪುಸ್ತಕ ಹೇಳದ ಸಂಗತಿಯೆಂದರೆ ಅಂಥ ಮನೆಗಳಲ್ಲಿ ಆ ಕೆಲಸ ಮಾಡುತ್ತಿದ್ದವರು ಯಾರು ಎಂಬುದು. ಹಂದಿ ಕಡಿಯುವುದು, ಉಪ್ಪು ತಿಕ್ಕುವುದು, ಹೊಗೆಮನೆಯ ಬೆಂಕಿ ಉರಿಯದಂತೆಯೂ ಆರದಂತೆಯೂ ವಾರಗಟ್ಟಲೆ ಕಾಯುವುದು, ಎಲ್ಲವೂ ಗುಲಾಮರ ಪಾಲಿನದು. ತೊಡೆಗಳು ಯಜಮಾನನ ಮನೆಗೆ. ದುಡಿದವರಿಗೆ ಬರುತ್ತಿದ್ದುದು ಅಳೆದು ಕೊಟ್ಟ ಪಡಿ. ಪಕ್ಕದ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಬೆಳೆದು ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1845ರ ತನ್ನ ಆತ್ಮಕಥೆಯಲ್ಲಿ ಆ ಲೆಕ್ಕ ಕೊಟ್ಟಿದ್ದಾನೆ: ದೊಡ್ಡವರಿಗೆ ತಿಂಗಳಿಗೆ 8 ಪೌಂಡ್, ಎಂದರೆ ಮೂರೂವರೆ ಕಿಲೋ ಚಿಲ್ಲರೆ ಹಂದಿಮಾಂಸ ಅಥವಾ ಅಷ್ಟೇ ಬೆಲೆಯ ಮೀನು, ಜೊತೆಗೆ ಒಂದು ಬುಷೆಲ್ ಮೆಕ್ಕೆಜೋಳದ ಹಿಟ್ಟು. ಇಂದು ದಕ್ಷಿಣ ಅಮೆರಿಕನ್ ರಾಜ್ಯಗಳ ಪರಂಪರೆ ಎಂದು ಹೊಗಳಿಸಿಕೊಳ್ಳುವ ಹ್ಯಾಮಿನ ಹಿಂದೆ ಈ ಕೈಗಳಿವೆ. ಆ ಕೈಗಳ ಹೆಸರು ಯಾವ ಪಾಕಪುಸ್ತಕದ ಮುಖಪುಟದಲ್ಲೂ ಬರಲಿಲ್ಲ.

ಉಪ್ಪು ಎಷ್ಟು ಮುಖ್ಯವಾಗಿತ್ತೆಂಬುದು ಅಂತರ್ಯುದ್ಧದಲ್ಲಿ ಗೊತ್ತಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಸಿದ ಮೇಲೆ ಹೊರಗಿನ ಉಪ್ಪು ಬರುವುದು ನಿಂತಿತು. ಎಷ್ಟೋ ಮನೆಗಳಲ್ಲಿ ಹೊಗೆಮನೆಯ ಮಣ್ಣುನೆಲವನ್ನೇ ಅಗೆದು, ವರ್ಷಗಳಿಂದ ಹ್ಯಾಮುಗಳಿಂದ ತೊಟ್ಟಿಕ್ಕಿ ಇಂಗಿದ್ದ ಉಪ್ಪನ್ನು ನೀರಿನಲ್ಲಿ ಕದಡಿ, ಕಾಯಿಸಿ ತೆಗೆದರು. ವರ್ಜೀನಿಯಾದ ಸಾಲ್ಟ್‌ವಿಲ್ ಎಂಬಲ್ಲಿನ ಉಪ್ಪಿನ ಕಾರ್ಖಾನೆಗಳನ್ನು ಉತ್ತರದ ಸೈನ್ಯ 1864ರ ಡಿಸೆಂಬರಿನಲ್ಲಿ ನುಗ್ಗಿ ಹಾಳುಮಾಡಿತು. ಉಪ್ಪಿಲ್ಲದೆ ಮಾಂಸವಿಲ್ಲ, ಮಾಂಸವಿಲ್ಲದೆ ಸೈನ್ಯವಿಲ್ಲ.

ಮಾಂಸವನ್ನು ಅರೆದು ಹಚ್ಚಿಕೊಳ್ಳುವ ಪದ್ಧತಿ ಬಂದದ್ದು ಬೇರೊಂದು ದಾರಿಯಿಂದ. ಇಂಗ್ಲೆಂಡಿನಲ್ಲಿ ಬೆಂದ ಮಾಂಸವನ್ನು ಜಾಜಿಕಾಯಿ, ಮೆಣಸು, ಬೆಣ್ಣೆ ಸೇರಿಸಿ ಒರಳಿನಲ್ಲಿ ನುಣ್ಣಗೆ ಕುಟ್ಟಿ, ಚಿಕ್ಕ ಮಡಕೆಯಲ್ಲಿ ಗಾಳಿ ಉಳಿಯದಂತೆ ಒತ್ತಿ ತುಂಬಿ, ಮೇಲೆ ಕಾಯಿಸಿ ತಿಳಿಗೊಳಿಸಿದ ಬೆಣ್ಣೆ ಹೊಯ್ಯುತ್ತಿದ್ದರು. ಹೆಚ್ಚುಕಡಿಮೆ ತುಪ್ಪವೇ. ಉಪ್ಪಿನಕಾಯಿಯ ಭರಣಿಯಲ್ಲಿ ಎಣ್ಣೆ ಮೇಲೆ ನಿಲ್ಲಬೇಕು ಎಂದು ಅಜ್ಜಿಯರು ಹೇಳುವುದರ ಹಿಂದಿನ ಲೆಕ್ಕವೇ ಇಲ್ಲಿಯದೂ. ಹನಾ ಗ್ಲಾಸ್ 1747ರಲ್ಲಿ ಬರೆದ ಹೆಸರಾಂತ ಅಡುಗೆ ಪುಸ್ತಕದಲ್ಲಿ ಹೀಗೆ ಮಡಕೆಗೆ ತುಂಬುವ ಪಾಕಗಳು ಹಲವಿವೆ. ಬೆಣ್ಣೆಯ ಮುಚ್ಚಳ ಒಡೆಯದಿದ್ದರೆ ವಾರಗಟ್ಟಲೆ ಇರುತ್ತಿತ್ತು. ಒಡೆದರೆ ಬೇಗ ತಿನ್ನಬೇಕು. ಗಾಳಿಯಾಡದ ಕಡೆಯೂ ಬೆಳೆಯುವ ವಿಷಕಾರಿ ಸೂಕ್ಷ್ಮಜೀವಿಗಳಿವೆ ಎಂಬುದು ಆ ಕಾಲದವರಿಗೆ ಗೊತ್ತಿರಲಿಲ್ಲ.

ಕುಟ್ಟುವುದು ಸುಲಭದ ಕೆಲಸವಲ್ಲ. ಒಂದು ಮಡಕೆ ತುಂಬಲು ಒಬ್ಬ ಕೆಲಸದವಳ ತೋಳಿಗೆ ಒಂದು ಪೂರ್ವಾಹ್ನ ಬೇಕು. ಹಾಗಾಗಿ ಇದು ಆಳುಕಾಳು ಇದ್ದ ಮನೆಗಳ ತಿನಿಸಾಗಿಯೇ ಉಳಿಯಿತು. ಸಾಮಾನ್ಯರಿಗೆ ತಣ್ಣನೆಯ ಹ್ಯಾಮನ್ನು ತೆಳ್ಳಗೆ ಕತ್ತರಿಸಿ ಬ್ರೆಡ್ಡಿನ ನಡುವೆ ಇಟ್ಟರೆ ಸಾಕಿತ್ತು. ಫಿಲಡೆಲ್ಫಿಯಾದ ಎಲೈಜಾ ಲೆಸ್ಲಿ 19ನೇ ಶತಮಾನದ ಮೊದಲರ್ಧದಲ್ಲಿ ಬರೆದ ಹ್ಯಾಮ್ ಸ್ಯಾಂಡ್‌ವಿಚ್ ಅಂಥದ್ದೇ: ಬೆಣ್ಣೆ ಸವರಿದ ಬ್ರೆಡ್ಡು, ಬೇಕಿದ್ದರೆ ಸ್ವಲ್ಪ ಸಾಸಿವೆ, ಬೇಯಿಸಿ ಆರಿದ ಹ್ಯಾಮಿನ ಹೋಳು. ಅಮೆರಿಕದಲ್ಲಿ ಅಚ್ಚಾದ ಮೊದಮೊದಲ ಸ್ಯಾಂಡ್‌ವಿಚ್ ಪಾಕಗಳಲ್ಲಿ ಇದೊಂದು.

ಒರಳಿನ ಕೆಲಸವನ್ನು ಕಾರ್ಖಾನೆಗೆ ಒಯ್ದದ್ದು ಬಾಸ್ಟನ್ನಿನ ಅಂಡರ್‌ವುಡ್ ಕಂಪನಿ. ಇಂಗ್ಲೆಂಡಿನಿಂದ ವಲಸೆ ಬಂದ ವಿಲಿಯಂ ಅಂಡರ್‌ವುಡ್ 1822ರಲ್ಲಿ ಸಾಸಿವೆ, ಉಪ್ಪಿನಕಾಯಿಗಳಿಂದ ವ್ಯಾಪಾರ ಶುರುಮಾಡಿದ. ಅಂತರ್ಯುದ್ಧದಲ್ಲಿ ಕಂಪನಿಯ ಡಬ್ಬಿಗಳು ಉತ್ತರದ ಸೈನಿಕರ ಚೀಲ ಸೇರಿದವು. ಯುದ್ಧ ಮುಗಿದ ಮೇಲೆ, 1868ರಲ್ಲಿ, ಹ್ಯಾಮನ್ನು ಅರೆದು ಖಾರದ ಮಸಾಲೆ ಬೆರೆಸಿ ಡಬ್ಬಿಗೆ ತುಂಬುವ ಪ್ರಯೋಗ ನಡೆಯಿತು. ಮೆಣಸು, ಸಾಸಿವೆ ಹಾಕಿ ನಾಲಿಗೆ ಉರಿಯುವಂತೆ ಮಾಡಿದ ತಿನಿಸಿಗೆ ಇಂಗ್ಲಿಷಿನಲ್ಲಿ 18ನೇ ಶತಮಾನದಿಂದಲೇ 'ಡೆವಿಲ್ಡ್' ಎನ್ನುತ್ತಿದ್ದರು, ನರಕದ ಬಿಸಿಯನ್ನು ನೆನೆದು. ಕಂಪನಿ ಆ ಸೈತಾನನನ್ನೇ ಹಿಡಿದು ಡಬ್ಬಿಯ ಮೇಲೆ ಕೂರಿಸಿತು. 1870ರಲ್ಲಿ ನೋಂದಾಯಿಸಿದ ಆ ಕೆಂಪು ಸೈತಾನನ ಚಿತ್ರ ಅಮೆರಿಕದಲ್ಲಿ ಇನ್ನೂ ಬಳಕೆಯಲ್ಲಿರುವ ಅತ್ಯಂತ ಹಳೆಯ ಆಹಾರ ಟ್ರೇಡ್‌ಮಾರ್ಕ್ ಎಂದು ಹೇಳಿಕೊಳ್ಳುತ್ತಾರೆ. ಮೊದಲಿನ ಸೈತಾನನಿಗೆ ಉದ್ದ ಉಗುರು, ಹೆದರಿಸುವ ಮೋರೆ. 20ನೇ ಶತಮಾನದಲ್ಲಿ ಅವನನ್ನು ತಿದ್ದಿ ತೀಡಿ ನಗಿಸಿದರು.

ಇದೇ ಕಂಪನಿಯಿಂದ ಹೆಚ್ಚು ತೂಕದ ಇನ್ನೊಂದು ಕೊಡುಗೆ ಬಂತು. ಅವರ ಕೆಲವು ಡಬ್ಬಿಗಳು, ಅದರಲ್ಲೂ ಚಿಪ್ಪುಮೀನಿನವು, ಉಬ್ಬಿ ಕೆಡುತ್ತಿದ್ದವು. ಸ್ಥಾಪಕನ ಮೊಮ್ಮಗ ವಿಲಿಯಂ ಲೈಮನ್ ಅಂಡರ್‌ವುಡ್ 1895ರಲ್ಲಿ ಅವನ್ನು ಹಿಡಿದುಕೊಂಡು ಎಂಐಟಿ ಸಂಸ್ಥೆಗೆ ಹೋದ. ಅಲ್ಲಿನ ಯುವ ವಿಜ್ಞಾನಿ ಸ್ಯಾಮ್ಯುಯೆಲ್ ಪ್ರೆಸ್ಕಾಟ್ ಜೊತೆ ಸೇರಿ ಕಾರಣ ಹುಡುಕಿದ. ಕುದಿಯುವ ನೀರಿಗೂ ಜಗ್ಗದ ಬೀಜಕಣಗಳನ್ನು ಕೆಲವು ಬ್ಯಾಕ್ಟೀರಿಯಾಗಳು ಮಾಡಿಕೊಳ್ಳುತ್ತವೆ, ಅವು ಸಾಯಲು ಒತ್ತಡದ ಹಬೆಯ ಶಾಖ ಇಂತಿಷ್ಟು ಹೊತ್ತು ಡಬ್ಬಿಯ ನಟ್ಟನಡುವಿಗೆ ತಲುಪಲೇಬೇಕು ಎಂಬುದನ್ನು ಇಬ್ಬರೂ ತೋರಿಸಿಕೊಟ್ಟರು. ಅಲ್ಲಿಯವರೆಗೆ ಕೈಗುಣದ ಮೇಲೆ ನಡೆಯುತ್ತಿದ್ದ ಉದ್ಯಮ ಗಡಿಯಾರ, ಉಷ್ಣಮಾಪಕಗಳ ಅಳತೆಗೆ ಬಂತು. ಇಂದು ಯಾವ ಡಬ್ಬಿಯನ್ನು ತೆರೆದು ಭಯವಿಲ್ಲದೆ ತಿಂದರೂ ಅದರಲ್ಲಿ ಈ ಕೆಲಸದ ಋಣವಿದೆ.

ಅಷ್ಟರಲ್ಲಿ ಮನೆಯೊಳಗೂ ಒಂದು ಯಂತ್ರ ಬಂದಿತ್ತು. ಫಿಲಡೆಲ್ಫಿಯಾದ ಎಂಟರ್‌ಪ್ರೈಸ್ ಕಂಪನಿ 1880ರ ದಶಕದಿಂದ ಮೇಜಿನ ಅಂಚಿಗೆ ತಿರುಪು ಹಾಕಿ ನಿಲ್ಲಿಸುವ, ಹಿಡಿ ತಿರುಗಿಸುವ ಕೀಮಾ ಯಂತ್ರಗಳನ್ನು ಮಾರಿತು. ಯಂತ್ರ ಕೊಂಡವರು ಅದನ್ನು ಕಪಾಟಿನಲ್ಲಿ ಮರೆಯಬಾರದೆಂದು ಪಾಕಪುಸ್ತಕವನ್ನೂ ಹೊರತಂದಿತು. ಕೆಲಸದವಳಿಲ್ಲದ ಮನೆಯಲ್ಲೂ ಈಗ ಹತ್ತು ನಿಮಿಷದಲ್ಲಿ ಹ್ಯಾಮ್ ಪುಡಿಯಾಗುತ್ತಿತ್ತು. ಫ್ಯಾನಿ ಫಾರ್ಮರ್ 1896ರಲ್ಲಿ ಪ್ರಕಟಿಸಿದ ಬಾಸ್ಟನ್ ಅಡುಗೆ ಶಾಲೆಯ ಪುಸ್ತಕದಲ್ಲಿ, ತಣ್ಣನೆಯ ಹ್ಯಾಮನ್ನು ಸಣ್ಣಗೆ ಕೊಚ್ಚಿ ಟಾರ್ಟರ್ ಸಾಸಿನಲ್ಲಿ ನೆನೆಸಿ ಬ್ರೆಡ್ಡಿಗೆ ಹಚ್ಚುವ ಕ್ರಮವಿದೆ. ಇವತ್ತಿನ ಹ್ಯಾಮ್ ಸ್ಪ್ರೆಡ್ಡಿನ ಅಸ್ತಿಪಂಜರ ಅದು: ಮಾಂಸ, ಮೊಟ್ಟೆ-ಎಣ್ಣೆಯ ಸಾಸು, ಹುಳಿ.

ಕನ್ನಡದಲ್ಲಿ ತಂಗಳು ಎಂಬ ಪದ ಹಳೆಯದು. ಅದರಲ್ಲಿ ಬಡತನದ ಛಾಯೆ ಇದೆ, ಬೆಳಗಿನ ಮೊಸರು ತಂಗಳನ್ನದ ಸುಖವೂ ಇದೆ. ಇಂಗ್ಲಿಷಿನ 'ಲೆಫ್ಟ್‌ಓವರ್' ಅಡುಗೆಯ ಪದವಾಗಿ ಚಲಾವಣೆಗೆ ಬಂದದ್ದು ಐಸ್ ಪೆಟ್ಟಿಗೆಗಳು ಮನೆ ಸೇರಿದ ಕಾಲದಲ್ಲಿ, 19ನೇ ಶತಮಾನ ಮುಗಿಯುತ್ತ ಬಂದಾಗ. ಅದಕ್ಕೆ ಮೊದಲು ಉಳಿದ ಹ್ಯಾಮ್ ಉಳಿದದ್ದಾಗಿರಲಿಲ್ಲ. ಇನ್ನೂ ಮುಗಿಯದ ಹ್ಯಾಮ್ ಆಗಿತ್ತು, ಅಷ್ಟೇ. ಪದ ಬಂದ ಮೇಲೆ ಉಳಿದದ್ದು ಒಂದು ಸಮಸ್ಯೆಯಾಯಿತು. ಅದನ್ನು ಜಾಣತನದಿಂದ ಬಿಡಿಸುವುದು ಗೃಹಿಣಿಯ ಪರೀಕ್ಷೆಯಾಯಿತು.

ಯುದ್ಧಗಳು ಆ ಪರೀಕ್ಷೆಗೆ ದೇಶಭಕ್ತಿಯ ಮೊಹರು ಒತ್ತಿದವು. 1917ರಲ್ಲಿ ಹರ್ಬರ್ಟ್ ಹೂವರ್ ನೇತೃತ್ವದ ಆಹಾರ ಆಡಳಿತ ಮಾಂಸವಿಲ್ಲದ ಮಂಗಳವಾರ, ಹಂದಿಮಾಂಸವಿಲ್ಲದ ದಿನಗಳನ್ನು ಜನರಿಂದ ಕೇಳಿಕೊಂಡಿತು. ಎರಡನೇ ಯುದ್ಧದಲ್ಲಿ ಕೇಳಿಕೊಳ್ಳುವ ಮಾತಿಲ್ಲ: 1943ರ ಮಾರ್ಚ್ 29ರಿಂದ ಮಾಂಸಕ್ಕೆ ಪಡಿತರ ಬಂತು, ದುಡ್ಡಿನ ಜೊತೆ ಕೆಂಪು ಅಂಕಗಳನ್ನೂ ಕೊಡಬೇಕು. ಒಂದು ಹೋಳು ಹ್ಯಾಮನ್ನು ಕೊಚ್ಚಿ ಸೆಲರಿ, ಮೇಯನೇಸ್ ಬೆರೆಸಿದರೆ ನಾಲ್ಕು ಮಕ್ಕಳ ಸ್ಯಾಂಡ್‌ವಿಚ್ಚಿಗೆ ಆಗುತ್ತಿತ್ತು. ಅದೇ ವರ್ಷದ ಜನವರಿಯಲ್ಲಿ ಸರ್ಕಾರ ಹೋಳು ಮಾಡಿದ ಬ್ರೆಡ್ಡಿನ ಮಾರಾಟವನ್ನೂ ನಿಷೇಧಿಸಿತ್ತು. ಗೃಹಿಣಿಯರು ಎಷ್ಟು ಸಿಟ್ಟಾದರೆಂದರೆ ಎರಡು ತಿಂಗಳೂ ತುಂಬುವ ಮೊದಲೇ ಆಜ್ಞೆ ವಾಪಸಾಯಿತು. ಹಾಗೆ ಹೋಳು ಮಾಡಿದ ಬ್ರೆಡ್ಡು ಮಾರುಕಟ್ಟೆಗೆ ಬಂದು, 1928ರಲ್ಲಿ ಮಿಸೌರಿಯ ಚಿಲಿಕಾತಿ ಪಟ್ಟಣದಿಂದ, ಆಗಿನ್ನೂ ಹದಿನೈದು ವರ್ಷವೂ ಆಗಿರಲಿಲ್ಲ. ಇಷ್ಟರಲ್ಲೇ ಅದಿಲ್ಲದೆ ಬದುಕು ಸಾಗದಂತಾಗಿತ್ತು.

ಈ ನಡುವೆ ಸದ್ದಿಲ್ಲದೆ ಹ್ಯಾಮೇ ಬದಲಾಗಿತ್ತು. 1925ರಲ್ಲಿ ಅಮೆರಿಕದ ಕೃಷಿ ಇಲಾಖೆ ಪೆಟ್ಲುಪ್ಪಿನ ಬದಲು ನೈಟ್ರೈಟನ್ನು ನೇರವಾಗಿ ಬಳಸಲು ಒಪ್ಪಿಗೆ ಕೊಟ್ಟಿತು. ಉಪ್ಪುನೀರನ್ನು ಸೂಜಿಯಿಂದ ಮಾಂಸದೊಳಗೆ ಪಂಪು ಮಾಡುವುದು ರೂಢಿಯಾಯಿತು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕೆಲವೇ ದಿನಗಳದ್ದಾಯಿತು. ಹಳೆಯ ಹ್ಯಾಮ್ ತೂಗಿ ತೂಗಿ ತೂಕ ಕಳೆದುಕೊಳ್ಳುತ್ತಿತ್ತು. ಹೊಸದು ನೀರು ಕುಡಿದು ತೂಕ ಹೆಚ್ಚಿಸಿಕೊಂಡಿತು. ಮೆತ್ತಗೆ, ಸಿಹಿ, ಅಗ್ಗ, ಆದರೆ ಫ್ರಿಜ್ಜಿನ ಹೊರಗೆ ನಿಲ್ಲಲಾರದು. ಡೆಟ್ರಾಯಿಟಿನ ಹ್ಯಾರಿ ಹೋನ್‌ಸೆಲಾರ್ ಮೂಳೆಯ ಸುತ್ತ ಸುರುಳಿಯಾಗಿ ಕತ್ತರಿಸುವ ಯಂತ್ರಕ್ಕೆ 1952ರಲ್ಲಿ ಪೇಟೆಂಟ್ ಪಡೆದ ಮೇಲೆ ಹಬ್ಬದ ಹ್ಯಾಮ್ ಅಂಗಡಿಯಿಂದಲೇ ಹೋಳಾಗಿ ಬರತೊಡಗಿತು. ಬಡಿಸಲು ಅನುಕೂಲ ನಿಜ. ಆದರೆ ಹೋಳು ಹೋಳಿಗೂ ಗಾಳಿ ತಾಗಿ ಬೇಗ ಒಣಗುತ್ತದೆ. ಒಣಗಿದ್ದಕ್ಕೆ ಮದ್ದು ಮೇಯನೇಸ್. ಅದೂ ಜಾಡಿಯಲ್ಲಿ ಸಿದ್ಧವಾಗಿತ್ತು. ನ್ಯೂಯಾರ್ಕಿನ ಅಂಗಡಿಕಾರ, ಜರ್ಮನ್ ವಲಸಿಗ ರಿಚರ್ಡ್ ಹೆಲ್ಮನ್ 1910ರ ದಶಕದಲ್ಲೇ ಅದನ್ನು ಗಾಜಿನ ಜಾಡಿಗೆ ತುಂಬಿ ಮಾರಲಾರಂಭಿಸಿದ್ದ.

ಇಂದಿನ ಕ್ರಮದಲ್ಲಿ ಈ ಚರಿತ್ರೆಯೆಲ್ಲ ಒಟ್ಟಿಗೆ ಬೀಳುತ್ತದೆ. ಎರಡು ಬಟ್ಟಲು ಹ್ಯಾಮ್ ಚೂರಿಗೆ ಅರ್ಧ ಬಟ್ಟಲಿಗಿಂತ ಕಡಿಮೆ ಮೇಯನೇಸ್, ಒಂದು ಚಮಚ ಸಾಸಿವೆ, ಹುಳಿ ಸೌತೆ, ಸೆಲರಿ, ಚೂರು ಈರುಳ್ಳಿ. ಉಪ್ಪು ಹಾಕಬಾರದು, ಅದು ಮಾಂಸದಲ್ಲೇ ಇದೆ. ಪೂರ್ತಿ ನುಣ್ಣಗೆ ಮಾಡಬಾರದು, ಹಲ್ಲಿಗೆ ಸಿಗಬೇಕು. ಒಂದು ರಾತ್ರಿ ಫ್ರಿಜ್ಜಿನಲ್ಲಿ ಕೂತರೆ ರುಚಿ ಕೂಡುತ್ತದೆ, ಒಬ್ಬಟ್ಟಿನ ಸಾರಿನ ಹಾಗೆ. ಆದರೆ ಒಬ್ಬಟ್ಟಿನ ಸಾರನ್ನು ಮತ್ತೆ ಕುದಿಸಿ ಇನ್ನೊಂದು ದಿನ ಎಳೆಯಬಹುದು, ಇದನ್ನು ಆಗದು. ಮಧ್ಯಪಶ್ಚಿಮದ ಊರುಗಳಲ್ಲಿ ಮಣ್ಣಿಗೆ ಹೋಗಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಬಡಿಸುವ ಊಟಕ್ಕೂ ಇದು ಬರುತ್ತದೆ. ಹ್ಯಾಮ್ ತರಲು ಕೈಸಾಗದವರು ಅಗ್ಗದ ಬೊಲೋನಾ ಸಾಸೇಜು ತಿರುವಿ ಅದೇ ರೀತಿ ಕಲಸುತ್ತಾರೆ. ಹಬ್ಬದ ಹ್ಯಾಮೇ ಆಗದ ಮನೆಗಳಲ್ಲೂ ಹಬ್ಬದ ಮರುದಿನದ ತಿನಿಸು ಆಗುವುದು ಹೀಗೆ.

ವರ್ಜೀನಿಯಾದ ಸ್ಮಿತ್‌ಫೀಲ್ಡ್ ಪಟ್ಟಣದ ಹೆಸರಿನ ಹ್ಯಾಮಿಗೆ ಆ ರಾಜ್ಯ 1926ರಲ್ಲಿ ಕಾಯಿದೆಯನ್ನೇ ಮಾಡಿತ್ತು: ಕಡಲೆಕಾಯಿ ತಿಂದು ಬೆಳೆದ ಹಂದಿ, ಆ ಊರೊಳಗೇ ಹದಗೊಂಡ ತೊಡೆ. ಕಡಲೆಕಾಯಿಯ ನಿಬಂಧನೆಯನ್ನು 1966ರಲ್ಲಿ ಕೈಬಿಟ್ಟರು. ಅಲ್ಲಿನ ಮ್ಯೂಸಿಯಂನಲ್ಲಿ 1902ರಲ್ಲಿ ಉಪ್ಪು ಹಿಡಿಸಿದ ಒಂದು ಹ್ಯಾಮ್ ಇದೆ. ಗ್ವಾಲ್ಟ್ನಿ ಕುಟುಂಬದ ಮಂಡಿಯ ಅಟ್ಟದಲ್ಲಿ ತೂಗುಹಾಕಿ ಮರೆತದ್ದು ವರ್ಷಗಳ ಮೇಲೆ ಕಣ್ಣಿಗೆ ಬಿತ್ತು. ಯಜಮಾನ ಅದಕ್ಕೆ ಹಿತ್ತಾಳೆಯ ಕೊರಳಪಟ್ಟಿ ಹಾಕಿಸಿ, ವಿಮೆ ಮಾಡಿಸಿ, ತನ್ನ ಸಾಕು ಹ್ಯಾಮ್ ಎಂದು ಊರೂರು ತೋರಿಸಿಕೊಂಡು ಬಂದ. ಬೂಟಿನ ತೊಗಲಿನಂತೆ ಕಪ್ಪಾಗಿ ಸುಕ್ಕುಗಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿದೆ. ಅದನ್ನು ಇಡೀ ದಿನ ನೋಡುತ್ತ ಕೂರಲು ಬಯಸುವವರಿಗಾಗಿ ಮ್ಯೂಸಿಯಂನವರು ಎದುರಿಗೆ ಒಂದು ಕ್ಯಾಮೆರಾ ಇಟ್ಟಿದ್ದಾರೆ.