ಹೀಲಾ ಕೋಶಗಳು ಯಾಕೆ ಸಾಯಲಿಲ್ಲ?

ಹೀಲಾ ಕೋಶಗಳ ಹೆಸರು ನೀವೂ ಕೇಳಿರಬಹುದು. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕಂಠದ ಗೆಡ್ಡೆಯಿಂದ, ಅವರನ್ನು ಒಂದು ಮಾತೂ ಕೇಳದೆ ತೆಗೆದ ಕೋಶಗಳವು. ಅದೇ ಅಕ್ಟೋಬರಿನಲ್ಲಿ, 31ನೇ ವಯಸ್ಸಿಗೇ ಅವರು ತೀರಿಕೊಂಡರು. ಕೋಶಗಳು ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಯುತ್ತಲೇ ಇವೆ... ಯಾಕೆ ಅಂತ ಗೊತ್ತಾಗಲು ಸುಮಾರು ನಲವತ್ತು ವರ್ಷ ಹಿಡಿಯಿತು.

1970ರ ದಶಕದಲ್ಲಿ ಈ ಕ್ಯಾನ್ಸರಿಗೆ ಹರ್ಪಿಸ್ ವೈರಸ್ಸೇ ಕಾರಣ ಅಂತ ಬಹಳ ಜನ ನಂಬಿದ್ದರು. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಒಪ್ಪಲಿಲ್ಲ. ನರಹುಲಿ ಹುಟ್ಟಿಸುವ ಪ್ಯಾಪಿಲೋಮಾ ವೈರಸ್ಸುಗಳ ಬೆನ್ನು ಹತ್ತಿದರು. 1983ರಲ್ಲಿ ಅವರ ತಂಡಕ್ಕೆ ಎಚ್‌ಪಿವಿ 16, ಮರುವರ್ಷ ಎಚ್‌ಪಿವಿ 18 ಸಿಕ್ಕಿತು. ಹೀಲಾ ಕೋಶದೊಳಗೆ ನೋಡಿದರೆ ಅಲ್ಲೂ 18! 2008ರಲ್ಲಿ ಅವರಿಗೆ ನೊಬೆಲ್ ಬಂತು.

ವೈರಸ್ ಮಾಡುವುದೇನು? ನಮ್ಮ ಕೋಡಿನ ಭಾಷೆಯಲ್ಲಿ ಹೇಳುತ್ತೇನೆ. ಕೋಶ ಎರಡಾಗುವ ಮುಂಚೆ ಕೆಲವು ಚೆಕ್‌ಗಳಿರುತ್ತವೆ. ಆರ್‌ಬಿ ಎಂಬ ಪ್ರೋಟೀನ್ ಬ್ರೇಕು. ಪಿ53 ಕಾವಲುಗಾರ, ಡಿಎನ್‌ಎ ಕೆಟ್ಟಿದ್ದರೆ ಕೋಶವನ್ನು ನಿಲ್ಲಿಸುತ್ತದೆ, ಇಲ್ಲವೇ ಸಾಯಿಸುತ್ತದೆ. ವೈರಸ್ಸಿನ ಇ7 ಆರ್‌ಬಿಯನ್ನು ಹಿಡಿದುಹಾಕುತ್ತದೆ ಅಂತ 1989ರಲ್ಲಿ, ಇ6 ಪಿ53ಯನ್ನು ನಾಶ ಮಾಡಿಸುತ್ತದೆ ಅಂತ 1990ರಲ್ಲಿ ಗೊತ್ತಾಯಿತು. ಎರಡೂ ಸಾಲು ಕಾಮೆಂಟ್ ಮಾಡಿದ ಹಾಗೆ!

ಇಲ್ಲೊಂದು ಸ್ವಾರಸ್ಯವಿದೆ. ಬ್ರೇಕ್ ಹಾಕು ಅಂತ ಹೇಳುವ ಪ್ರೋಟೀನ್ ಪಿ16. ಬ್ರೇಕೇ ಕಿತ್ತುಹೋದ ಕೋಶದಲ್ಲಿ ಅದು ಸುಮ್ಮನೆ ಕೂಗುತ್ತಾ ರಾಶಿ ಬೀಳುತ್ತದೆ. ಪ್ಯಾಥಾಲಜಿಯವರು ಬಣ್ಣ ಹಾಕಿ ಇದನ್ನೇ ನೋಡುತ್ತಾರೆ. ವೈರಸ್ಸಿನಿಂದ ಬಂದ ಗೆಡ್ಡೆ, ವೈರಸ್ಸಿಲ್ಲದೆ ಬಂದ ಗೆಡ್ಡೆ ಅಂತ 2020ರ ಡಬ್ಲ್ಯುಎಚ್‌ಒ ವರ್ಗೀಕರಣ ಬೇರೆ ಬೇರೆ ಮಾಡಿತು. ಎರಡನೆಯದರಲ್ಲಿ ರೋಗಿಯ ಮುಂದಿನ ದಾರಿ ಸಾಮಾನ್ಯವಾಗಿ ಹೆಚ್ಚು ಕಷ್ಟದ್ದು. 2017ರ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಅಧ್ಯಯನದಲ್ಲಂತೂ 70%ಕ್ಕೂ ಹೆಚ್ಚು ಗೆಡ್ಡೆಗಳಲ್ಲಿ ಪಿಐ3ಕೆ-ಮ್ಯಾಪ್‌ಕೆ ಅಥವಾ ಟಿಜಿಎಫ್-ಬೀಟಾ ಎಂಬ ಸಂದೇಶದ ದಾರಿಗಳು ಕೆಟ್ಟಿದ್ದವು.

ಇಷ್ಟೆಲ್ಲ ಗುರುತುಗಳು ಸಿಕ್ಕರೂ, "ಮುಂದೇನು ಡಾಕ್ಟ್ರೇ?" ಎಂಬ ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚು ಉತ್ತರ ಕೊಡುವುದು ಕಾಯಿಲೆ ಯಾವ ಹಂತದಲ್ಲಿ ಸಿಕ್ಕಿತು ಅನ್ನುವುದೇ. ಬೇಗ ಸಿಗಬೇಕಾದರೆ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಮಾಡಿಸಿರಬೇಕು.

ಇಷ್ಟು ಬರೆದ ನಾನು ಅಮ್ಮನನ್ನು ಈ ಬಗ್ಗೆ ಒಮ್ಮೆಯೂ ಕೇಳಿಲ್ಲ. ಮುಜುಗರ. ಭಾನುವಾರ ಫೋನ್ ಮಾಡಿದಾಗ ಕೇಳಲೇಬೇಕು. ನೀವು ಕೇಳಿದ್ದೀರಾ?