ಶಾರ್ಟ್‌ಕಟ್ ಮಾತ್ರ ಉಳಿದ ಕಥೆ

1/6

ಫೋಟೋದಲ್ಲಿರೋದು ನಮ್ಮ ಕಾಲೇಜ್ ಲೈಬ್ರರಿಯ ಕೊನೆಯ ಕಪಾಟು. ಹಳೇ ಬ್ಯಾಚ್‌ಗಳ ಪ್ರಾಜೆಕ್ಟ್ ರಿಪೋರ್ಟ್‌ಗಳೆಲ್ಲ ಇಲ್ಲೇ ಇರೋದು. ಕಪ್ಪು ರೆಕ್ಸಿನ್, ಬಂಗಾರದ ಅಕ್ಷರ, ಮೇಲೆ ಧೂಳು. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಐಡಿಯಾ ಹುಡುಕ್ತಾ ಹೋದ ವಾರ ನಾವು ನಾಲ್ಕು ಜನ ಅಲ್ಲಿ ಕೂತಿದ್ವಿ. ನಮಗೆ ಬೇಕಾಗಿದ್ದು ಒಂದು ಕಥೆ, ಅದರ ಜೊತೆಗೆ ಫೋಟೋ, ಧ್ವನಿ, ವಿಡಿಯೋ. ಓದುವವರು ತಮಗೆ ಬೇಕಾದ ದಾರಿ ಹಿಡಿದು ಹೋಗುವಂತಿರಬೇಕು. ಇಂಥದ್ದು ನಮಗೇ ಮೊದಲು ಹೊಳೆದಿದ್ದು ಅನ್ನೋ ಜಂಬ ಬೇರೆ.

ಆಗ ಸಿಕ್ಕಿದ್ದು 2010ರ ಒಂದು ರಿಪೋರ್ಟ್. ಅದೇ ಐಡಿಯಾ! ಹಿಂದಿನ ರಟ್ಟಿಗೆ ಅಂಟಿಸಿದ ಕವರಿನಲ್ಲಿ ಸಿಡಿ. ನಮ್ಮ ಯಾರ ಲ್ಯಾಪ್‌ಟಾಪ್‌ಗೂ ಸಿಡಿ ಡ್ರೈವ್ ಇಲ್ಲ. ಜೆರಾಕ್ಸ್ ಅಂಗಡಿ ಅಣ್ಣನ ಹಳೇ ಕಂಪ್ಯೂಟರಿನಲ್ಲಿ ಹಾಕಿ ನೋಡಿದ್ವಿ. ಹದಿನಾಲ್ಕು ಆಡಿಯೋ ಫೈಲ್, ಒಂದು ವರ್ಡ್ ಫೈಲ್. ಆಡಿಯೋದಲ್ಲಿ ಒಬ್ಬ ಅಜ್ಜಿ ಮಾತಾಡ್ತಾರೆ. ಊರಿಗೆ ಅಣೆಕಟ್ಟಿನ ನೀರು ಬಂದ ವರ್ಷ, ಬಿಚ್ಚಿ ಗಾಡಿಗೆ ಹೇರಿದ ಮನೆಯ ತೊಲೆಗಳು, ಬಿಟ್ಟು ಬಂದ ತುಳಸಿಕಟ್ಟೆ. ವರ್ಡ್ ಫೈಲ್ ತೆರೆದರೆ ಕನ್ನಡವೇ ಇಲ್ಲ, ಬರೀ ವಿಚಿತ್ರ ಚಿಹ್ನೆಗಳು. ‘ಮೇನ್’ ಅಂತ ಹೆಸರಿದ್ದ ಫೈಲ್ ಒತ್ತಿದ್ರೆ ಏನೂ ಆಗಲ್ಲ. ಅದು ಫೈಲೇ ಅಲ್ಲ, ಶಾರ್ಟ್‌ಕಟ್. ಅಸಲಿ ಫೈಲ್ ಯಾರದೋ ಕಂಪ್ಯೂಟರಿನ ಡಿ ಡ್ರೈವ್‌ನಲ್ಲೇ ಉಳಿದುಬಿಟ್ಟಿದೆ!

ಅಂದ್ರೆ ಯಾವ ಧ್ವನಿ ಆದ್ಮೇಲೆ ಯಾವುದು, ಯಾವ ಫೋಟೋ ಒತ್ತಿದ್ರೆ ಯಾವ ಮಾತು ಬರ್ತಿತ್ತು, ಅಜ್ಜಿ ಹೇಳಿದ್ದೆಷ್ಟು, ಸೀನಿಯರ್ಸ್ ಕಟ್ಟಿದ ಕಥೆ ಎಷ್ಟು ಅನ್ನೋದೆಲ್ಲ ಹೋಯ್ತು. ಅಜ್ಜಿ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ.

ಹೀಗೆ ಆಗಿದ್ದು ನಮ್ಮ ಕಾಲೇಜಿನಲ್ಲಿ ಮಾತ್ರ ಅಲ್ಲ. ಈ ಸರಣಿ ಅದರ ಬಗ್ಗೆ.

2/6

ಕಥೆ ಮತ್ತು ಕಂಪ್ಯೂಟರ್ ಸೇರಿಸಿ ಕ್ಲಾಸಿನಲ್ಲಿ ಪ್ರಾಜೆಕ್ಟ್ ಮಾಡಿಸಿದ ಜಾಗಗಳಲ್ಲಿ ದೊಡ್ಡ ಹೆಸರು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ್ದು. 1990ರ ದಶಕದ ಶುರುವಿನಲ್ಲಿ ಅಲ್ಲಿ ಕಾದಂಬರಿಕಾರ ರಾಬರ್ಟ್ ಕೂವರ್ ಹೈಪರ್‌ಟೆಕ್ಸ್ಟ್ ಕಥೆ ಬರೆಯುವ ಕಾರ್ಯಾಗಾರ ನಡೆಸ್ತಿದ್ರು. ಹೈಪರ್‌ಟೆಕ್ಸ್ಟ್ ಅಂದ್ರೆ ನಾವು ದಿನಾ ಒತ್ತೋ ಲಿಂಕ್‌ಗಳೇ. ಆದ್ರೆ ಆಗ ವೆಬ್ ಇನ್ನೂ ಮನೆಮನೆಗೆ ಬಂದಿರಲಿಲ್ಲ.

ಆ ಕ್ಲಾಸಿನ ಒಂದು ಸಾಮೂಹಿಕ ಕೆಲಸದ ಹೆಸರೇ ‘ಹೋಟೆಲ್’. ಯಾರು ಬೇಕಾದ್ರೂ ಬಂದು ಒಂದು ರೂಮ್ ತೆಗೆಯಬಹುದು, ಅಂದ್ರೆ ಒಂದು ತುಣುಕು ಕಥೆ ಬರೆಯಬಹುದು. ಪಕ್ಕದ ರೂಮಿಗೆ ಬಾಗಿಲು ಇಡಬಹುದು. ಇನ್ನೊಬ್ಬರು ಇಟ್ಟ ಬಾಗಿಲು ಮುಚ್ಚಲೂಬಹುದು! ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆಲ್ಲ ಈ ಸುಖದುಃಖ ಗೊತ್ತು.

1992ರ ಜೂನ್‌ನಲ್ಲಿ ಕೂವರ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ‘ಪುಸ್ತಕಗಳ ಅಂತ್ಯ’ ಅನ್ನೋ ಅರ್ಥದ ಹೆಸರಿಟ್ಟು ಒಂದು ಪ್ರಬಂಧ ಬರೆದ್ರು. ಎಲ್ಲರೂ ಆ ಹೆಸರನ್ನೇ ಹಿಡ್ಕೊಂಡು ಜಗಳ ಆಡಿದ್ರು. ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಬೇರೆ ಜಾಗ. ಅವರ ವಿದ್ಯಾರ್ಥಿಗಳು ಬರೀತಿದ್ದದ್ದು ಬ್ರೌನ್‌ನಲ್ಲೇ ತಯಾರಾದ ಇಂಟರ್‌ಮೀಡಿಯಾ ಅನ್ನೋ ತಂತ್ರಾಂಶದಲ್ಲಿ. ತುಂಬಾ ಒಳ್ಳೆಯದು, ಆದ್ರೆ ದುಬಾರಿ. ಸಾಲದ್ದಕ್ಕೆ ಆಪಲ್‌ನ ಹೊಸ ಆಪರೇಟಿಂಗ್ ಸಿಸ್ಟಮ್‌ಗೆ ಹೊಂದುತ್ತಿರಲಿಲ್ಲ. ತಾವು ಇದನ್ನು ಬರೆಯುತ್ತಿರುವಾಗಲೇ ಅದನ್ನು ನಿಲ್ಲಿಸುತ್ತಿದ್ದಾರೆ ಅಂತ ಕೂವರ್ ಅದೇ ಪ್ರಬಂಧದಲ್ಲಿ ಹೇಳ್ತಾರೆ. ಪುಸ್ತಕದ ಕಾಲ ಮುಗಿಯಿತಾ ಅಂತ ಕೇಳಿದ ಬರಹದ ಒಳಗೇ ಕಂಪ್ಯೂಟರ್ ಕಥೆಗಳ ಮನೆ ಖಾಲಿ ಆಗ್ತಿತ್ತು.

3/6

ಈಗ ಆ ಕಾಲದ ಬ್ರೌನ್‌ನ ಒಬ್ಬ ವಿದ್ಯಾರ್ಥಿನಿ ಬಗ್ಗೆ. ಹೆಸರು ಶೆಲ್ಲಿ ಜಾಕ್ಸನ್. (ನಮ್ಮ ಹಾಗೆ ಡಿಗ್ರಿ ಅಲ್ಲ, ಸ್ನಾತಕೋತ್ತರ ಓದ್ತಿದ್ರು.) ಪ್ರೊಫೆಸರ್ ಜಾರ್ಜ್ ಲ್ಯಾಂಡೋ ಪಾಠ ಮಾಡ್ತಿದ್ದಾಗ ನೋಟ್‌ಬುಕ್ಕಿನಲ್ಲಿ ಸುಮ್ನೆ ಒಂದು ಚಿತ್ರ ಗೀಚಿದ್ರು. ಹೆಂಗಸಿನ ದೇಹ, ಅದರ ಮೇಲೆಲ್ಲ ಹೊಲಿಗೆ ಗಾಯದ ಚುಕ್ಕೆ ಗೆರೆಗಳು. ಆ ಗೀಚಿನಿಂದ ಹುಟ್ಟಿದ್ದು ‘ಪ್ಯಾಚ್‌ವರ್ಕ್ ಗರ್ಲ್’, 1995. ಈಸ್ಟ್‌ಗೇಟ್ ಅನ್ನೋ ಪ್ರಕಾಶಕರು ಅದನ್ನು ಫ್ಲಾಪಿಯಲ್ಲಿ ಮಾರಿದ್ರು.

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ (1818) ಗೊತ್ತಲ್ಲ? ಅದರಲ್ಲಿ ವಿಕ್ಟರ್ ತನ್ನ ದೈತ್ಯನಿಗೆ ಜೊತೆಯಾಗಿ ಒಬ್ಬ ಹೆಣ್ಣನ್ನು ಮಾಡಲು ಶುರು ಮಾಡ್ತಾನೆ, ಆಮೇಲೆ ಹೆದರಿ ಹರಿದು ಹಾಕ್ತಾನೆ. ಜಾಕ್ಸನ್ ಕೇಳಿದ ಪ್ರಶ್ನೆ ಇಷ್ಟು: ಅವಳನ್ನು ಮೇರಿ ಶೆಲ್ಲಿಯೇ ಗುಟ್ಟಾಗಿ ಹೊಲಿದು ಮುಗಿಸಿದ್ದರೆ? ಆ ಹೆಣ್ಣು ಎದ್ದು ಅಮೆರಿಕಕ್ಕೆ ಹೋಗಿ ನಮ್ಮ ಕಾಲದವರೆಗೂ ಬದುಕಿದ್ದರೆ?

ಅದರಲ್ಲಿ ‘ಸ್ಮಶಾನ’ ಅಂತ ಒಂದು ಭಾಗ ಇದೆ. ಒಂದೊಂದು ಅಂಗ ಒತ್ತಿದ್ರೆ ಅದರ ಮೊದಲ ಒಡತಿಯ ಬದುಕು ತೆರೆಯುತ್ತೆ. ಎಡಗಾಲು ಒಬ್ಬ ದಾದಿಯದ್ದು. ಗೌರವಸ್ಥ ಬೂದು ಉಡುಪಿನ ಕೆಳಗೆ, ಯಾರಿಗೂ ಕಾಣದ ಹಾಗೆ, ಹಡಗಿನ ಹಚ್ಚೆ. ಹೀಗೆ ಮುನ್ನೂರಕ್ಕೂ ಹೆಚ್ಚು ತುಣುಕು. ನಡುವೆ ಕಪ್ಪು ಬಿಳುಪು ಚಿತ್ರಗಳು.

ಈ ಕಥೆಯನ್ನು ಪುಸ್ತಕದಲ್ಲಿ ಯಾಕೆ ಬರೀಲಿಲ್ಲ ಅನ್ನೋದಕ್ಕೆ ಉತ್ತರ ಕಥೆಯಲ್ಲೇ ಇದೆ. ಅವಳ ದೇಹ ತುಂಡುಗಳನ್ನು ಹೊಲಿದು ಮಾಡಿದ್ದು. ಕಥೆಯೂ ಹಾಗೇ. ಲಿಂಕ್ ಅಂದ್ರೆ ಹೊಲಿಗೆ. ಓದುಗ ಒತ್ತಿದಾಗಲೆಲ್ಲ ಒಂದು ಹೊಲಿಗೆ ಬೀಳುತ್ತೆ. ನಮ್ಮ ಮೊದಲ ಪ್ಲಾನ್‌ನಲ್ಲಿ ವಿಡಿಯೋ ಯಾಕಿತ್ತು ಅಂತ ನಮ್ಮ ಗೈಡ್ ಕೇಳಿದಾಗ ‘ಮಲ್ಟಿಮೀಡಿಯಾ ಅಲ್ವಾ ಮ್ಯಾಮ್’ ಅಂದಿದ್ದೆ. ಅವರು ಏನೂ ಹೇಳಲಿಲ್ಲ, ಸುಮ್ನೆ ನೋಡಿದ್ರು. ಆ ನೋಟ ಈಗ ಅರ್ಥ ಆಗ್ತಿದೆ.

4/6

ಜಾಕ್ಸನ್ ಬರೆದದ್ದು ಸ್ಟೋರಿಸ್ಪೇಸ್ ಅನ್ನೋ ತಂತ್ರಾಂಶದಲ್ಲಿ. ಪರದೆ ಮೇಲೆ ಡಬ್ಬಿಗಳು, ಡಬ್ಬಿಯೊಳಗೆ ಬರಹ, ಡಬ್ಬಿಯಿಂದ ಡಬ್ಬಿಗೆ ಗೆರೆ. ಇದನ್ನು 1980ರ ದಶಕದಲ್ಲಿ ರೂಪಿಸಿದವರಲ್ಲಿ ಒಬ್ಬರು ಕಾದಂಬರಿಕಾರ ಮೈಕಲ್ ಜಾಯ್ಸ್. ಬರೆಯೋನೇ ತನಗೆ ಬೇಕಾದ ಪೆನ್ನು ಮಾಡ್ಕೊಂಡ ಹಾಗೆ.

ತೊಂದರೆ ಏನಂದ್ರೆ ಆ ಗೆರೆಗಳೆಲ್ಲ ಇದ್ದದ್ದು ಆ ತಂತ್ರಾಂಶದ ಒಳಗೆ ಮಾತ್ರ. ಹಳೇ ಮ್ಯಾಕ್‌ಗೆ ಬರೆದ ಪ್ರೋಗ್ರಾಮ್‌ಗಳನ್ನು ಹೊಸ ಮ್ಯಾಕ್‌ನಲ್ಲಿ ಓಡಿಸಲು ಇದ್ದ ‘ಕ್ಲಾಸಿಕ್’ ವ್ಯವಸ್ಥೆಯನ್ನು ಆಪಲ್ 2007ರಲ್ಲಿ ತೆಗೆದುಹಾಕಿತು. ಫ್ಲಾಪಿ ಡ್ರೈವ್ ಅದಕ್ಕೂ ಮೊದಲೇ ಹೋಗಿತ್ತು. ಇಂಗ್ಲಿಷ್ ಸಾಹಿತ್ಯದ ಕ್ಲಾಸುಗಳಲ್ಲಿ ಪಾಠ ಮಾಡುವ ಕೃತಿ, ಆದ್ರೆ ಅದರ ಮೂಲ ಪ್ರತಿ ಓದೋಕೆ ಮ್ಯೂಸಿಯಂನಲ್ಲಿ ಇರಬೇಕಾದ ಕಂಪ್ಯೂಟರ್ ಬೇಕು.

ಇನ್ನೊಂದು ಕೃತಿ ನನಗೆ ತುಂಬಾ ಇಷ್ಟ ಆಯ್ತು. ಜಾನ್ ಮ್ಯಾಕ್‌ಡೇಯ್ಡ್ ಅವರ ‘ಅಂಕಲ್ ಬಡೀಸ್ ಫ್ಯಾಂಟಮ್ ಫನ್‌ಹೌಸ್’, 1993. ಅದು ಪುಸ್ತಕ ಅಲ್ಲ, ಡಬ್ಬ. ನಿಮ್ಮ ಚಿಕ್ಕಪ್ಪ ಒಬ್ಬರು ಕಣ್ಮರೆಯಾಗಿದ್ದಾರೆ, ಅವರ ಸಾಮಾನು ನಿಮ್ಮ ಪಾಲಿಗೆ ಬಂದಿದೆ ಅನ್ನೋದು ಕಥೆ. ಡಬ್ಬದೊಳಗೆ ಫ್ಲಾಪಿಗಳು, ಹಾಡಿನ ಕ್ಯಾಸೆಟ್‌ಗಳು, ಕಾಗದ ಪತ್ರ. ಫ್ಲಾಪಿಯಲ್ಲಿದ್ದದ್ದು ಆಪಲ್‌ನ ಹೈಪರ್‌ಕಾರ್ಡ್‌ನಲ್ಲಿ ಮಾಡಿದ ಭಾಗ. ಈಗ ಆ ಡಬ್ಬ ಸಿಕ್ಕಿದವರು ಕಾಗದ ಓದಬಹುದು, ಟೇಪ್‌ರೆಕಾರ್ಡರ್ ಹುಡುಕಿದ್ರೆ ಕ್ಯಾಸೆಟ್ ಕೇಳಬಹುದು. ಎಲ್ಲಕ್ಕಿಂತ ಹೊಸದಾಗಿದ್ದ ಫ್ಲಾಪಿಯೇ ಮೊದಲು ಮೂಕ ಆಯ್ತು.

5/6

ಉಳಿದದ್ದು ಹೇಗೆ? ಎರಡು ದಾರಿ ಕಾಣ್ತವೆ.

ಒಂದು, ಮನೆ ಬದಲಿಸ್ತಾ ಹೋಗೋದು. ಅದೇ ಲ್ಯಾಂಡೋ ತಮ್ಮ ವಿದ್ಯಾರ್ಥಿಗಳಿಗಾಗಿ ಇಂಟರ್‌ಮೀಡಿಯಾದಲ್ಲಿ ಕಟ್ಟಿದ್ದ ಸಾಹಿತ್ಯದ ಪಾಠಗಳು ಮೊದಲು ಸ್ಟೋರಿಸ್ಪೇಸ್‌ಗೆ, ಆಮೇಲೆ ವೆಬ್‌ಗೆ ಬಂದವು. ಅದೇ ‘ವಿಕ್ಟೋರಿಯನ್ ವೆಬ್’. ಲ್ಯಾಂಡೋ 2023ರಲ್ಲಿ ತೀರಿಕೊಂಡ್ರು, ಆ ತಾಣ ಇನ್ನೂ ತೆರೆಯುತ್ತೆ. ಅಲ್ಲಿ ವಿದ್ಯಾರ್ಥಿಗಳ ಬರಹಗಳೂ ಇವೆ.

ಎರಡು, ಓದೋದನ್ನೇ ದಾಖಲಿಸೋದು. ಡೀನ್ ಗ್ರಿಗಾರ್ ಮತ್ತು ಸ್ಟುವರ್ಟ್ ಮೌಲ್‌ತ್ರೋಪ್ ಅನ್ನೋ ಇಬ್ಬರು ಹಳೇ ಕಂಪ್ಯೂಟರ್‌ಗಳನ್ನು ಜೋಪಾನ ಮಾಡಿ, ಲೇಖಕರನ್ನೇ ಅದರ ಮುಂದೆ ಕೂರಿಸಿ, ಅವರು ತಮ್ಮ ಕೃತಿ ಓದ್ತಾ ಮಾತಾಡೋದನ್ನು ವಿಡಿಯೋ ಮಾಡಿದ್ರು. 2015ರಲ್ಲಿ ಅದು ‘ಪಾತ್‌ಫೈಂಡರ್ಸ್’ ಅಂತ ಹೊರಬಂತು. ಜಾಕ್ಸನ್, ಮ್ಯಾಕ್‌ಡೇಯ್ಡ್ ಇಬ್ಬರೂ ಅದರಲ್ಲಿದ್ದಾರೆ.

ಕನ್ನಡದವರಿಗೆ ಇದರ ಮೇಲೆ ಇನ್ನೊಂದು ಪೆಟ್ಟು. ಕನ್ನಡ ಲಿಪಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ ಇತ್ತು. ಆದ್ರೂ ಡಿಟಿಪಿ ಅಂಗಡಿಗಳಲ್ಲಿ, ಕಾಲೇಜುಗಳಲ್ಲಿ ಬಹಳ ವರ್ಷ ನಡೆದದ್ದು ಫಾಂಟ್ ಬದಲಿಸಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡ ತೋರಿಸುವ ವಿಧಾನ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಪ್ಪಟ ಕನ್ನಡ ಕಥೆಯೂ ಚಿಹ್ನೆಗಳ ರಾಶಿ. ಆ ಸಿಡಿಯ ವರ್ಡ್ ಫೈಲ್‌ಗೆ ಆಗಿದ್ದು ಇದೇ. ಇದಕ್ಕೆ ಮದ್ದಿದೆ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದ್ವಿ, ಒತ್ತಕ್ಷರ ಅಲ್ಲಲ್ಲಿ ತಪ್ಪಿದ್ರೂ ಹನ್ನೊಂದು ಪುಟ ಕನ್ನಡ ಎದ್ದು ಬಂತು. ಲೈಬ್ರರಿಯಲ್ಲೇ ಕಿರುಚಿಬಿಟ್ವಿ.

ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. ಹಳೇ ಫ್ಲ್ಯಾಶ್ ಫೈಲ್‌ಗಳಲ್ಲಿ ಎಷ್ಟೋ ಇವತ್ತು ರಫಲ್ ಅನ್ನೋ ಉಚಿತ ತಂತ್ರಾಂಶದಲ್ಲಿ ತೆರೀತವೆ. ನಮ್ಮ ಸೀನಿಯರ್ಸ್ ಫೈಲ್‌ನೂ ತೆರೀಬಹುದಿತ್ತು. ಕೈಯಲ್ಲಿರೋದು ಶಾರ್ಟ್‌ಕಟ್!

6/6

ಹನ್ನೊಂದು ಪುಟದಲ್ಲಿ ಅಜ್ಜಿಯ ಹೆಸರು ಇಲ್ಲ. ‘ಪರದೆ 3ರಲ್ಲಿ ನೋಡಿ’ ಅಂತ ಇದೆ.

ಅದಕ್ಕೇ ನಮ್ಮ ಪ್ಲಾನ್ ಬದಲಾಗಿದೆ. ಸಿನಾಪ್ಸಿಸ್ ಕೊಡೋಕೆ ಇನ್ನು ಹತ್ತು ದಿನ. ಆ್ಯಪ್ ಮಾಡೋಣ ಅಂತಿದ್ದವಳು ನಾನೇ, ಅದನ್ನು ಕೈಬಿಟ್ಟೆ. ಮೊದಲು ಪೋಸ್ಟ್‌ಕಾರ್ಡ್ ಅಳತೆಯ ರಟ್ಟು ಕತ್ತರಿಸಿ, ಒಂದು ತುಣುಕಿಗೆ ಒಂದು ಕಾರ್ಡ್ ಬರೀತಿದ್ದೀವಿ. ಹಿಂಬದಿಯಲ್ಲಿ ಮೂರು ಸಾಲು. ಇಲ್ಲಿಂದ ಎಲ್ಲೆಲ್ಲಿಗೆ ಹೋಗಬಹುದು, ಇದರ ಜೊತೆ ಯಾವ ಧ್ವನಿ ಯಾವ ಫೋಟೋ, ಇದು ಯಾರಾದರೂ ಹೇಳಿದ್ದಾ ನಾವು ಕಟ್ಟಿದ್ದಾ. ಹೇಳಿದ್ದಾದರೆ ಅವರ ಹೆಸರು, ಊರು, ಒಪ್ಪಿಗೆ ಕೊಟ್ಟ ದಿನ. ಈ ಕಾರ್ಡುಗಳ ನಕ್ಷೆ ರಿಪೋರ್ಟ್‌ನ ಅನುಬಂಧಕ್ಕೆ ಹೋಗುತ್ತೆ. ಪರದೆ ಮೇಲೆ ಬರೋದು ಮಾಮೂಲಿ ವೆಬ್ ಪುಟಗಳು, ಯೂನಿಕೋಡ್ ಕನ್ನಡ, ನೆಟ್ ಇಲ್ಲದಿದ್ರೂ ತೆರೆಯೋ ಹಾಗೆ. ವೈವಾ ಮುಗಿದ ದಿನ ನಾಲ್ವರಲ್ಲಿ ಒಬ್ಬರು ಅದನ್ನು ಮೊದಲಿಂದ ಓದ್ತಾರೆ, ಉಳಿದವರು ವಿಡಿಯೋ ಮಾಡ್ತಾರೆ.

ನೋಡೋಕೆ ಅಷ್ಟೇನೂ ಥಳುಕಿಲ್ಲ. ನಮ್ಮಲ್ಲೊಬ್ಬನಿಗೆ ಈಗಲೂ ಬೇಜಾರು, ‘ಬೇರೆ ಗ್ರೂಪ್‌ನವರು ವಿಆರ್ ಮಾಡ್ತಿದ್ದಾರೆ ಕಣೇ’ ಅಂತಾನೆ. ಅವನಿಗೆ ಜಾಕ್ಸನ್ ಮುಂದೆ ಮಾಡಿದ ಕೆಲಸ ತೋರಿಸಿದೆ. 2014ರಲ್ಲಿ ಅವರು ಹಿಮದ ಮೇಲೆ ಒಂದೊಂದೇ ಪದ ಬರೆದು, ಫೋಟೋ ತೆಗೆದು, ಇದೇ ಇನ್‌ಸ್ಟಾದಲ್ಲಿ ಒಂದು ಕಥೆ ಹಾಕೋಕೆ ಶುರು ಮಾಡಿದ್ರು. ಕರಗಿ ಹೋಗೋದು ಅಂತ ಗೊತ್ತಿದ್ದೇ ಬರೆದದ್ದು. ಅದು ಅವರ ಆಯ್ಕೆ. ಸಿಡಿಯಲ್ಲಿರೋ ಅಜ್ಜಿಗೆ ಆ ಆಯ್ಕೆ ಯಾರೂ ಕೊಟ್ಟಿರಲಿಲ್ಲ.

ಅವರ ಧ್ವನಿ ಇಲ್ಲಿ ಹಾಕಿ ಅಂತ ತುಂಬಾ ಜನ ಮೆಸೇಜ್ ಮಾಡಿದ್ದೀರಿ. ಹಾಕಲ್ಲ, ಅನುಮತಿ ಕೊಡಬೇಕಾದವರು ಯಾರು ಅಂತ ಇನ್ನೂ ಗೊತ್ತಾಗಿಲ್ಲ. ರಿಪೋರ್ಟ್‌ನಲ್ಲಿದ್ದ ಐದು ಸೀನಿಯರ್ಸ್‌ನಲ್ಲಿ ಇಬ್ಬರನ್ನು ಆಫೀಸಿನವರು ಹುಡುಕಿಕೊಟ್ಟಿದ್ದಾರೆ. ಒಬ್ಬರು ಫೋನ್ ಎತ್ತಿದ್ರು. ಹಳೇ ಕಂಪ್ಯೂಟರ್ ಅವರ ಅಮ್ಮನ ಮನೆ ಅಟ್ಟದ ಮೇಲಿದೆಯಂತೆ, ಭಾನುವಾರ ಇಳಿಸಿ ನೋಡ್ತೀನಿ ಅಂದಿದ್ದಾರೆ.

#ಫೈನಲ್‌ಇಯರ್ #ಕಥೆಯಇತಿಹಾಸ #ಕನ್ನಡ